ಮುಂದಿನ ಸೊನ್ನೆಗೂ ಬೆಲೆ ಉಂಟು

ಎಕ್ಸೆಲ್‌ನಲ್ಲಿ ಕಾಪಿ-ಪೇಸ್ಟ್ ಮಾಡುತ್ತಾ ಕೂತವರನ್ನು ಕಂಡರೆ "ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಬರೆದರೆ ಮುಗೀತಲ್ಲ" ಅನ್ನೋದು ನನ್ನ ಹಳೇ ಚಟ. ನಮ್ಮೂರಿನ ಹಾಲಿನ ಡೈರಿಯ ಕಾರ್ಯದರ್ಶಿಗಳಿಗೂ ಹಾಗೇ ಅಂದೆ. "ಹಂಗಾದ್ರೆ ನೀನೇ ಬರ್ದು ಕೊಡಪ್ಪ" ಅಂದುಬಿಟ್ಟರು.

ಬರೆದೆ. ದಿನದಿನದ ಹಾಲಿನ ಲೆಕ್ಕ, ಸದಸ್ಯರ ಪಟ್ಟಿ ಎರಡೂ ಸಿಎಸ್‌ವಿ ಫೈಲುಗಳು. ಪಾಂಡಾಸ್ ಅವನ್ನು ಓದಿ ಕೂಡುತ್ತದೆ, ಓಪನ್‌ಪೈಎಕ್ಸ್‌ಎಲ್ ಬ್ಯಾಂಕಿಗೆ ಕಳಿಸುವ ಎಕ್ಸೆಲ್ ಹಾಳೆ ಮಾಡುತ್ತದೆ. ಅರ್ಧ ದಿನದ ಕೆಲಸ ಅರ್ಧ ನಿಮಿಷಕ್ಕೆ! ಕಾಫಿ, ಹೊಗಳಿಕೆ ಎರಡೂ ಸಿಕ್ಕವು :)

ಆ ಸಲದ ಬಟವಾಡೆಯಲ್ಲಿ ಮೂವರಿಗೆ ದುಡ್ಡೇ ಬರಲಿಲ್ಲ. ಅವರ ಖಾತೆ ಸಂಖ್ಯೆಗಳು ಸೊನ್ನೆಯಿಂದ ಶುರುವಾಗುತ್ತಿದ್ದವು. ಪಾಂಡಾಸ್ ಅವನ್ನು ಬರೀ ಅಂಕಿ ಅಂದುಕೊಂಡು ಮುಂದಿನ ಸೊನ್ನೆ ನುಂಗಿಹಾಕಿತ್ತು. ಆ ಕಾಲಮ್ಮನ್ನು ಅಕ್ಷರವೆಂದೇ ಓದು ಅಂತ ಡಿಟೈಪ್‌ನಲ್ಲಿ ಹೇಳಬೇಕಿತ್ತು, ನಾನು ಹೇಳಿರಲಿಲ್ಲ. ಅವರಲ್ಲೊಬ್ಬ ಅಜ್ಜಿ ಆ ವಾರ ಬೂಸಾ, ಹಿಂಡಿ ಸಾಲ ತಂದರಂತೆ. ಕಾರ್ಯದರ್ಶಿಗಳು ಕೈಯಲ್ಲೇ ಬರೆದಿದ್ದರೆ ಇದು ಆಗುತ್ತಿರಲಿಲ್ಲ. ಅವರಿಗೆ ಆ ನಂಬರುಗಳು ಬಾಯಿಪಾಠ.

ದೊಡ್ಡವರೂ ಇಲ್ಲಿ ಎಡವಿದ್ದಾರೆ ಬಿಡಿ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದವು. ಹಳೆಯ ಎಕ್ಸ್‌ಎಲ್‌ಎಸ್ ಫೈಲಿನಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ, ಉಳಿದದ್ದು ಸದ್ದಿಲ್ಲದೆ ಹೊರಗೇ ಉಳಿಯಿತು. ಅದೇ ವರ್ಷ ವಿಜ್ಞಾನಿಗಳು ಕೆಲವು ಜೀನ್‌ಗಳ ಹೆಸರನ್ನೇ ಬದಲಿಸಬೇಕಾಯಿತು. 'ಮಾರ್ಚ್1' ಅಂತ ಬರೆದರೆ ಎಕ್ಸೆಲ್ ಅದನ್ನು ತಾರೀಖು ಮಾಡುತ್ತಿತ್ತಲ್ಲ, ಅದಕ್ಕೆ!

ಹಾಗಂತ ಸ್ಕ್ರಿಪ್ಟ್ ಬೇಡ ಅನ್ನುವವನಲ್ಲ ನಾನು. ನಕಲು ಮಾಡೋ ಕೆಲಸ ಯಂತ್ರಕ್ಕೇ ಸರಿ. ಆದರೆ ತಪ್ಪಾದಾಗ ಬಾಯಿ ಮುಚ್ಚಿಕೊಂಡಿರುವ ಸ್ಕ್ರಿಪ್ಟು ಕೈಬರಹದ ಲೆಕ್ಕಕ್ಕಿಂತ ಕಡೆ. ಈಗ ನನ್ನದು ಒಟ್ಟು ಲೀಟರು, ಸದಸ್ಯರ ಸಂಖ್ಯೆ, ಪ್ರತಿ ಖಾತೆಗೆ ಎಷ್ಟು ಅಂಕಿ ಅಂತ ಮೊದಲು ನೋಡುತ್ತದೆ. ಹೊಂದದಿದ್ದರೆ ಫೈಲೇ ಮಾಡುವುದಿಲ್ಲ. "ಲೆಕ್ಕ ತಾಳೆ ಆಗ್ತಿಲ್ಲ, 47ನೇ ಸಾಲು ನೋಡಿ" ಅಂತ ಕನ್ನಡದಲ್ಲೇ ಹೇಳುತ್ತದೆ. ಪೈಥಾನ್ 3ಕ್ಕೆ ಕನ್ನಡ ಕಷ್ಟವೇನಲ್ಲ, ಬರೆಯುವ ನಮಗೇ ಸೋಮಾರಿತನ. ಇಂಗ್ಲಿಷಿನ ಎರರ್ ನೋಡಿ ಕಾರ್ಯದರ್ಶಿಗಳು ನನಗೆ ಫೋನ್ ಮಾಡುತ್ತಿದ್ದರು, ಈಗ ತಾವೇ ಸರಿಮಾಡಿಕೊಳ್ಳುತ್ತಾರೆ. ಆದರೂ ಮೊದಲ ಹತ್ತು ಹೆಸರುಗಳನ್ನು ಹಳೇ ಲೆಡ್ಜರ್ ಜತೆ ಬೆರಳಿಟ್ಟು ನೋಡೋದು ಬಿಟ್ಟಿಲ್ಲ. ನಾನೂ ಬೇಡ ಅಂದಿಲ್ಲ.

ಅಂದಹಾಗೆ, ಕನ್ನಡ ಹೆಸರಿರುವ ಸಿಎಸ್‌ವಿ ಎಕ್ಸೆಲ್‌ನಲ್ಲಿ ಚಿತ್ರಲಿಪಿಯಾಗಿ ಕಂಡರೆ, ಫೈಲ್ ಬರೆಯುವಾಗ ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' ಅಂತ ಕೊಡಿ. ನನಗೆ ಇದು ತಿಳಿಯಲು ಎರಡು ರಾತ್ರಿ ಹಿಡಿದಿತ್ತು...