ಹಳೇ ಕಂಪ್ಯೂಟರಿಗೆ ಹೊಸ ವಿಂಡೋಸ್: ಹಾಕೂದು ಸುಲಭ, ಮುಂದ ಯಾರು ನೋಡ್ತಾರ?

(1/6)
2025ರ ದೀಪಾವಳಿ ಪಾಡ್ಯದ ದಿನ ಮೂಡಲಗಿಯಿಂದ ಕಾಕಾನ ಫೋನ್ ಬಂತು. ಅವರದು ಬೀಜ-ಗೊಬ್ಬರದ ಅಂಗಡಿ. ಅಂಗಡಿ ಪೂಜಿ ಆಗಷ್ಟೇ ಮುಗಿದಿತ್ತು. ಹೊಸ ಖಾತೆ ಪುಸ್ತಕ, ತಕ್ಕಡಿ, ಕಂಪ್ಯೂಟರ್, ಎಲ್ಲಕ್ಕೂ ಕುಂಕುಮ ಹಚ್ಚಿದ್ದರು.

"ಯವ್ವಾ, ಪೂಜಿ ಏನೋ ಮಾಡಿದ್ನಿ. ಆದ್ರ ಈ ಕಂಪ್ಯೂಟರ್ ಸತ್ತೈತಿ ಅಂತಾರಲ್ಲ?"

"ಚಾಲೂ ಆಗವಲ್ದೇನ್ರಿ ಕಾಕಾ?"

"ಚಾಲೂ ಆಗತೈತಿ. ಬಿಲ್ಲೂ ಬರತೈತಿ. ಆದ್ರ ವಿಂಡೋಸ್ 10 ಬಂದ್ ಆತಂತ. ಇದಕ್ಕ 11 ಕೂಡೂದಿಲ್ಲ, ಹೊಸಾದು ತಗೋರಿ, ನಲವತ್ತು ಸಾವಿರ ಆಗತೈತಿ ಅಂದ್ರು."

ಬಿಲ್ ಕೊಡೋ ಮಷೀನ್ ಸತ್ತದ್ದು ಹೆಂಗ ಆಗತೈತಿ? ಇತ್ತ ನಮ್ಮ ಕ್ಲಾಸಿನ ಹುಡುಗರು ಇದಕ್ಕೆ ಉಲ್ಟಾ ಹೇಳ್ತಾರ: "ಯಾವ ಮಷೀನ್ ಇರಲಿ ತಗೊಂಡು ಬರ್ರಿ, ಐದುನೂರು ಕೊಡ್ರಿ, 11 ಹಾಕಿ ಕೊಡ್ತೀವಿ."

ಒಬ್ಬರು ಎಲ್ಲಾ ಒಗೀರಿ ಅಂತಾರ, ಇನ್ನೊಬ್ಬರು ಎಲ್ಲಾದಕ್ಕೂ ಹಾಕ್ರಿ ಅಂತಾರ. ನನ್ನ ಪ್ರಕಾರ ಎರಡೂ ತಪ್ಪು. ಯಾಕೆ ಅಂತ ಮೂರು ಊರಿನ ಮೂರು ಮಷೀನ್ ಇಟ್ಕೊಂಡು ಹೇಳ್ತೀನಿ. ಉದ್ದ ಐತಿ, ಸೇವ್ ಮಾಡಿಟ್ಕೋರಿ.

(2/6)
ಮೊದಲು, ಖರೇನೇ ಬಂದ್ ಆದದ್ದು ಏನು?

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ನಿಲ್ಲಲಿಲ್ಲ. ನಿಂತದ್ದು ಪ್ರತಿ ತಿಂಗಳು ಬರುತ್ತಿದ್ದ ಸೆಕ್ಯುರಿಟಿ ಅಪ್‌ಡೇಟ್. ಮನೆಯ ಗೋಡೆ ಗಟ್ಟಿ ಐತಿ, ಆದರೆ ಬಾಗಿಲ ಕೀಲಿ ಕೆಟ್ಟರೆ ಇನ್ನು ರಿಪೇರಿ ಮಾಡೋರು ಬರೂದಿಲ್ಲ, ಅಷ್ಟ. ಮನೆ ಬಳಕೆದಾರರಿಗೆ ಇನ್ನೊಂದು ವರ್ಷದ ದಾರಿ ಬಿಟ್ಟಿದ್ದಾರೆ. ಇಎಸ್‌ಯು ಅಂತ ಹೆಸರು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಸಿಗುತ್ತವೆ. ಇದನ್ನು ಕಾಕಾಗೆ ಯಾರೂ ಹೇಳಿರಲಿಲ್ಲ.

ವಿಂಡೋಸ್ 11 ಬಂದದ್ದು 2021ರ ಅಕ್ಟೋಬರಿನಲ್ಲಿ. ಅದಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್, ಟಿಪಿಎಂ 2.0 ಬೇಕು. ಟಿಪಿಎಂ ಅಂದರೆ ಪಾಸ್‌ವರ್ಡು, ಕೀಲಿಗಳನ್ನು ಕಾಯುವ ಸೆಕ್ಯುರಿಟಿ ಚಿಪ್. ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚೂಕಡಿಮೆ 8ನೇ ಜನರೇಷನ್ನಿನಿಂದ ಈಚೆಗೆ ಇರಬೇಕು. ಅಂದರೆ 2017ರ ಆಸುಪಾಸಿನಲ್ಲಿ ಕಂಪನಿ ಒಂದು ಗೆರೆ ಎಳೆಯಿತು. ಸೆಕೆಂಡ್ ಹ್ಯಾಂಡ್ ಕೊಳ್ಳೋ ನಮ್ಮಂಥೋರು ಬಹಳ ಮಂದಿ ಆ ಗೆರೆಯ ಆಚೆ ಉಳಿದೀವಿ.

ನಾವು ಬಿಕಾಂನವರು, ಲೆಕ್ಕ ಹಾಕೂಣು. ಇನ್‌ಕಮ್ ಟ್ಯಾಕ್ಸಿನಲ್ಲಿ ಕಂಪ್ಯೂಟರಿಗೆ ಸವಕಳಿ 40%. ಕಾಕಾ 2019ರಲ್ಲಿ ₹32,000 ಕೊಟ್ಟು ಕೊಂಡದ್ದು ಆರು ವರ್ಷಕ್ಕೆ ಪುಸ್ತಕದಲ್ಲಿ ₹1,493. ಕಂಪನಿ ಕಾಯ್ದೆಯ ಶೆಡ್ಯೂಲ್ 2 ಲ್ಯಾಪ್‌ಟಾಪ್, ಡೆಸ್ಕ್‌ಟಾಪಿಗೆ ಕೊಟ್ಟ ಆಯುಷ್ಯ ಬರೇ 3 ವರ್ಷ. ಪುಸ್ತಕದಲ್ಲಿ ಅದು ಎಂದೋ ಮುದುಕ. ಅಂಗಡಿಯಲ್ಲಿ ಇನ್ನೂ ದಿನಾ ದುಡೀತೈತಿ.

(3/6)
ಮೂಡಲಗಿ. ಕಾಕಾನ ಮಷೀನ್.

ಮರುದಿನವೇ ಹೋದೆ. ಮೊದಲು ಮಾಡಿದ ಕೆಲಸ, ಟ್ಯಾಲಿ ಡೇಟಾ ಫೋಲ್ಡರ್ ಅನ್ನು ಎರಡು ಪೆನ್‌ಡ್ರೈವಿಗೆ ಕಾಪಿ ಮಾಡಿದ್ದು. ರೈತರ ಉದ್ರಿ ಎಲ್ಲಾ ಅದರಾಗೇ ಐತಿ. ಅದು ಹೋದರೆ ಕಾಕಾನ ಅಂಗಡೀನೇ ಹೋದಂಗ.

ಆಮೇಲೆ ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ಹಾಕಿ ನೋಡಿದೆ. ಟಿಪಿಎಂ ಇಲ್ಲ ಅಂತ ಕೆಂಪು ಗುರುತು ಬಂತು. ಆದರೆ ಪ್ರೊಸೆಸರ್ 8ನೇ ಜನರೇಷನ್ ಐ3. ಅದಕ್ಕೆ ಹಸಿರು ಗುರುತು! ಈ ಜನರೇಷನ್ನಿನ ಇಂಟೆಲ್ ಮಷೀನಿನಲ್ಲಿ ಟಿಪಿಎಂ ಕೆಲಸವನ್ನು ಪಿಟಿಟಿ ಅನ್ನೋದು ಮಾಡ್ತೈತಿ. ಎಎಂಡಿಯಲ್ಲಿ ಅದಕ್ಕೆ ಎಫ್‌ಟಿಪಿಎಂ ಅಂತಾರ. ಅಸೆಂಬಲ್ ಮಾಡಿಸಿದ ಮಷೀನಿನಲ್ಲಿ ಬಯೋಸ್ ಒಳಗ ಅದು ಆಫ್ ಇರೂದುಂಟು. ಕಾಕಾನದೂ ಆಫ್ ಇತ್ತು. ಆನ್ ಮಾಡಿ ಸೇವ್ ಮಾಡಿದೆ. ಮತ್ತೆ ಚೆಕ್ ಮಾಡಿದರೆ ಎಲ್ಲಾ ಹಸಿರು.

ಯಾವ ಟ್ರಿಕ್ಕೂ ಇಲ್ಲ, ಬೈಪಾಸೂ ಇಲ್ಲ. ಕಂಪನಿಯೇ ಒಪ್ಪಿದ ದಾರಿಯಲ್ಲಿ ವಿಂಡೋಸ್ 11 ಬಂತು. ವಿಂಡೋಸ್ 10 ಅಸಲಿ ಇದ್ದದ್ದರಿಂದ ಬೇರೆ ಕೀ ಕೂಡ ಕೊಳ್ಳಲಿಲ್ಲ. ಟ್ಯಾಲಿ ತೆಗೆದು ಹಿಂದಿನ ವರ್ಷದ ಬ್ಯಾಲೆನ್ಸ್ ನೋಡಿದ ಮೇಲೆ ಕಾಕಾ ಚಹಾ ಹೇಳಿದರು. ನಲವತ್ತು ಸಾವಿರದ ಖರ್ಚು ಬಯೋಸಿನ ಒಂದು ಸೆಟ್ಟಿಂಗಿನಲ್ಲಿ ತಪ್ಪಿತು.

ಅದಕ್ಕ ಹೇಳೂದು: "ಕೂಡೂದಿಲ್ಲ" ಅಂದ ಕೂಡಲೇ ನಂಬಬ್ಯಾಡ್ರಿ. ಏನು ಕೂಡವಲ್ದು ಅಂತ ಕೇಳ್ರಿ. ಪ್ರೊಸೆಸರಾ, ಟಿಪಿಎಂಆ, ಸೆಕ್ಯೂರ್ ಬೂಟಾ? ಹೆಸರು ಹೇಳಲಿಕ್ಕೆ ಬರದವರ ಮಾತಿಗೆ ದುಡ್ಡು ತೆಗೀಬ್ಯಾಡ್ರಿ.

(4/6)
ಗೋಕಾಕ. ನನ್ನ ಲ್ಯಾಪ್‌ಟಾಪ್.

ಇದು 6ನೇ ಜನರೇಷನ್ ಐ3. ಗೆರೆಯ ಆಚೆ. 2024ರ ಬೇಸಿಗೆ ರಜೆಯಲ್ಲಿ ನಾನು ಇದಕ್ಕೆ ಹುಡುಗರ ದಾರಿಯಲ್ಲೇ 11 ಹಾಕಿದೆ. ರೂಫಸ್ ಅನ್ನೋ ಸಣ್ಣ ಸಾಫ್ಟ್‌ವೇರ್, 8 ಜಿಬಿ ಪೆನ್‌ಡ್ರೈವ್. ಪೆನ್‌ಡ್ರೈವ್ ತಯಾರು ಮಾಡುವಾಗಲೇ ಟಿಪಿಎಂ, ಸೆಕ್ಯೂರ್ ಬೂಟ್ ಬೇಡ ಅಂತ ಟಿಕ್ ಮಾಡಲಿಕ್ಕೆ ಅದರೊಳಗ ಜಾಗ ಐತಿ. ಒಂದು ತಾಸಿನ ಕೆಲಸ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ಮೇಲಂತೂ ಮೊದಲಿಗಿಂತ ಚುರುಕಾಯಿತು.

ಆದರೆ ಎರಡು ಪಾಠ ಕಲಿತೆ.

ಒಂದನೇದು. ಹಳೇ ಹಾರ್ಡ್‌ಡಿಸ್ಕನ್ನು ಬ್ಯಾಕಪ್ಪಿಗೆ ಅಂತ ಇಟ್ಕೊಂಡೆ. ಆದರೆ ಅದಕ್ಕಿಂತ ಮೊದಲು, ಪ್ರಾಕ್ಟೀಸ್ ಅಂತ ಅದರ ಮೇಲೇ ಒಂದು ಸಲ 11 ಹಾಕಿ ನೋಡಿದ್ದೆ. ಆಗ ಪಾರ್ಟಿಷನ್ ಪಟ್ಟಿಯಲ್ಲಿ ಯಾವುದು ಯಾವುದು ಅಂತ ನೋಡದೇ ಡಿಲೀಟ್ ಒತ್ತಿದ್ದೆ. ಡಿ ಡ್ರೈವ್ ಹೋಯಿತು. ಅಕ್ಕನ ಮದುವೆ ಫೋಟೋ ಅದರಲ್ಲೇ ಇದ್ದವು. ಆಲ್ಬಮ್ಮಿಗೆ ಆರಿಸಿದ ಫೋಟೋ ಉಳಿದಾವ. ಅಜ್ಜ ಪಂಕ್ತಿಯಲ್ಲಿ ನಿಂತು ಬಡಿಸ್ತಿದ್ದ ಫೋಟೋ ಆಲ್ಬಮ್ಮಿನಲ್ಲಿ ಇರಲಿಲ್ಲ. ಅಜ್ಜನೂ ಈಗ ಇಲ್ಲ. ಅವ್ವ ಬೈಲಿಲ್ಲ. ಬೈದಿದ್ದರೆ ಚಲೋ ಇತ್ತು.

ಎರಡನೇದು 2025ರ ನವೆಂಬರಿನಲ್ಲಿ ತಿಳೀತು. ನಾನು ಹಾಕಿದ್ದು 23ಎಚ್2 ಆವೃತ್ತಿ. ಪ್ರತಿ ತಿಂಗಳ ಸೆಕ್ಯುರಿಟಿ ಅಪ್‌ಡೇಟ್ ತಪ್ಪದೇ ಬಂದವು. ಆದರೆ ವರ್ಷಕ್ಕೊಮ್ಮೆ ಬರೋ ದೊಡ್ಡ ಆವೃತ್ತಿ ಇಂಥ ಮಷೀನಿಗೆ ತಾನಾಗೇ ಬರೂದಿಲ್ಲ. ಹೋಮ್ ಬಳಕೆದಾರರಿಗೆ 23ಎಚ್2 ಬೆಂಬಲ 2025ರ ನವೆಂಬರ್ 11ಕ್ಕೆ ಮುಗಿಯಿತು. ಅಂದರೆ ವಿಂಡೋಸ್ 11 ಹಾಕಿಯೂ ನಾನು ಮತ್ತೆ ಅದೇ ಜಾಗಕ್ಕೆ ಬಂದು ನಿಂತೆ! ಗೊತ್ತಿದ್ದದ್ದಕ್ಕೆ ಮತ್ತೆ ಪೆನ್‌ಡ್ರೈವ್ ಮಾಡಿ ಮುಂದಿನ ಆವೃತ್ತಿ ಹಾಕಿಕೊಂಡೆ. ಗೊತ್ತಿಲ್ಲದವರು?

(5/6)
ಹುಕ್ಕೇರಿ. ಮಾಮಾನ ಝೆರಾಕ್ಸ್ ಅಂಗಡಿ.

ಅಲ್ಲಿ ಕೋರ್ 2 ಡ್ಯುಯೋ ಮಷೀನ್, ವಿಂಡೋಸ್ 7. ಅದರ ಬೆಂಬಲ 2020ರ ಜನವರಿ 14ಕ್ಕೇ ಮುಗಿದೈತಿ. ಮಾಮಾ ಅದರ ಮೇಲೆ ನುಡಿಯಲ್ಲಿ ಅರ್ಜಿ, ಲಗ್ನಪತ್ರಿಕೆ, ಬಾಂಡ್ ಟೈಪ್ ಮಾಡ್ತಾರೆ. ಈ ಮಷೀನಿಗೆ ರೂಫಸ್ ಕೂಡ ಏನೂ ಮಾಡಲಾರದು. 24ಎಚ್2 ಆವೃತ್ತಿಯಿಂದ ಪ್ರೊಸೆಸರಿನಲ್ಲಿ ಕೆಲವು ಸೂಚನೆಗಳು ಇರಲೇಬೇಕು. ಕೋರ್ 2 ಡ್ಯುಯೋದಲ್ಲಿ ಅವು ಇಲ್ಲ. ಬೂಟೇ ಆಗೂದಿಲ್ಲ.

ಲಿನಕ್ಸ್ ಮಿಂಟ್ ಹಾಕೂಣೇನು ಅಂದೆ. ಪುಕ್ಕಟೆ ಐತಿ, ಹಳೇ ಮಷೀನಿನಲ್ಲೂ ಓಡ್ತೈತಿ. ಮಾಮಾ ಕೇಳಿದ್ದು ಒಂದೇ ಪ್ರಶ್ನೆ: "ನನ್ನ ನುಡಿ ಫೈಲ್ ತೆರೀತಾವೇನ?" ನಾನು ಸುಮ್ಮನಾದೆ. ಹಳೇ ನುಡಿ ಫೈಲುಗಳು ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಮಷೀನಿನಲ್ಲಿ ತೆರೆದರೆ ಕನ್ನಡದ ಬದಲಿಗೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣ್ತೈತಿ. ಟ್ಯಾಲಿಯ ಕಥೆಯೂ ಅಷ್ಟ, ಅದನ್ನು ಮಾಡಿದ್ದೇ ವಿಂಡೋಸಿಗೆ.

ಕಡೆಗೆ ಮಾಡಿದ್ದು ಇಷ್ಟು. ಆ ಮಷೀನಿನ ಇಂಟರ್‌ನೆಟ್ ವಾಯರ್ ತೆಗೆದೆವು. ಅದು ಇನ್ನು ಟೈಪು, ಪ್ರಿಂಟು ಅಷ್ಟೇ ಮಾಡ್ತೈತಿ. ಗಿರಾಕಿಗಳ ಪೆನ್‌ಡ್ರೈವ್ ಅದಕ್ಕ ಚುಚ್ಚಂಗಿಲ್ಲ. ಮುಖ್ಯ ಫೈಲುಗಳನ್ನು ಸ್ವಲ್ಪ ಸ್ವಲ್ಪ ಯೂನಿಕೋಡಿಗೆ ಬದಲಿಸ್ತಾ ಇದೀವಿ. ಮೂಲೆಯಲ್ಲಿ ಬಿದ್ದಿದ್ದ 3ನೇ ಜನರೇಷನ್ನಿನ ಇನ್ನೊಂದು ಮಷೀನಿಗೆ ಮಿಂಟ್ ಹಾಕಿ ಮಾಮಾನ ಮಗಳಿಗೆ ಓದಲಿಕ್ಕೆ ಕೊಟ್ಟೆವು. ಅದರಲ್ಲಿ ಕನ್ನಡ ಟೈಪಿಂಗೂ ಆಗ್ತೈತಿ, ಯೂಟ್ಯೂಬ್ ಪಾಠಗಳೂ ಓಡ್ತಾವ.

(6/6)
ಈಗ ನನ್ನ ಮಾತು, ನಮ್ಮ ಕ್ಲಾಸಿನವರಿಗೆ.

ಹಳೇ ಮಷೀನಿಗೆ ಹೊಸ ವಿಂಡೋಸ್ ಹಾಕೂದು ತಪ್ಪಲ್ಲ. ಐದುನೂರು ತಗೊಳ್ಳೂದೂ ತಪ್ಪಲ್ಲ, ಕೆಲಸಕ್ಕ ಕೂಲಿ ಬೇಕು. ಹೇಳದೇ ಹೋಗೂದು ತಪ್ಪು. "ಅನ್‌ಸಪೋರ್ಟೆಡ್" ಅಂದರೆ ಬೆಂಬಲವೇ ಬೇಡ ಅಂತಲ್ಲ. ಕಂಪನಿ ನಿಲ್ಲಬೇಕಾದ ಜಾಗದಲ್ಲಿ ನೀವು ನಿಂತೀರಿ ಅಂತ ಅರ್ಥ. ನನ್ನ ಲ್ಯಾಪ್‌ಟಾಪಿಗೆ ನಾನೇ ನಿಂತೀನಿ, ಸರಿ. ಯಾರದೋ ಕಿರಾಣಿ ಅಂಗಡಿ ಮಷೀನಿಗೆ ಬೈಪಾಸ್ ಮಾಡಿ ಬಂದವರು ಆ ನವೆಂಬರಿನಲ್ಲಿ ಮತ್ತೆ ಹೋಗಿ ನೋಡಿದರೇನು? ಆ ಅಂಗಡಿಯವರು ಅದೇ ಮಷೀನಿನಲ್ಲಿ ಬ್ಯಾಂಕಿಗೆ ಲಾಗಿನ್ ಆಗ್ತಾರ, ಜಿಎಸ್‌ಟಿ ತುಂಬ್ತಾರ. ಅವರಿಗೆ ಗೊತ್ತಿರೂದು ಒಂದೇ: "ಹೊಸಾದು ಹಾಕಿಸೀನಿ, ಇನ್ನ ಚಿಂತಿ ಇಲ್ಲ."

ಇನ್ನು ಕ್ರ್ಯಾಕ್ ಹಾಕಿ ಆ್ಯಕ್ಟಿವೇಟ್ ಮಾಡೋರಿಗೆ: ಆ ಕ್ರ್ಯಾಕಿನ ಜೊತಿಗೆ ಏನು ಒಳಗ ಬಂತು ಅಂತ ನಿಮಗೂ ಗೊತ್ತಿರೂದಿಲ್ಲ. ಬಾಗಿಲು ಭದ್ರ ಮಾಡಲಿಕ್ಕೆ ಹೋಗಿ ಕಳ್ಳನ ಕೈಯಾಗ ಕೀಲಿ ಕೊಟ್ಟಂಗ.

ಅಕೌಂಟ್ಸಿನಲ್ಲಿ ನಾವು ಡಿಸ್‌ಕ್ಲೋಷರ್ ಅಂತ ಓದ್ತೀವಿ. ಲೆಕ್ಕ ಸರಿ ಇದ್ದರೆ ಸಾಲದು, ಗೊತ್ತಿರಬೇಕಾದ ಮಾತನ್ನು ಮುಚ್ಚಿಡಬಾರದು. ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೀತೀವಲ್ಲ, ಅದನ್ನೇ ಇಲ್ಲೂ ಮಾಡ್ರಿ. ಮಷೀನ್ ಮುಟ್ಟೋ ಮೊದಲು ಬ್ಯಾಕಪ್ ತಗೋರಿ, ತಗೊಂಡದ್ದನ್ನು ತೆರೆದು ನೋಡ್ರಿ. ಆಮೇಲೆ ಒಂದು ಚೀಟಿ ಬರೆದು ಸಿಪಿಯು ಮೇಲೆ ಅಂಟಿಸ್ರಿ: ಯಾವ ದಿನ, ಯಾವ ಆವೃತ್ತಿ, ಬೈಪಾಸ್ ಮಾಡೀವಿ, ಇಂಥ ತಿಂಗಳಿಗೆ ಮತ್ತೆ ನೋಡಬೇಕು, ಕೆಳಗೆ ನಿಮ್ಮ ಹೆಸರು. ಹೆಸರು ಬರೀಲಿಕ್ಕೆ ಅಂಜಿಕೆ ಆದರೆ ಆ ಮಷೀನ್ ಮುಟ್ಟಬ್ಯಾಡ್ರಿ.

ಮೂಡಲಗಿಯ ಕಂಪ್ಯೂಟರ್ ಮೇಲೆ ಈಗ ಕುಂಕುಮದ ಪಕ್ಕದಾಗ ಅಂಥ ಒಂದು ಚೀಟಿ ಐತಿ. ಕಾಕಾ ಅದನ್ನು ಬಂದವರಿಗೆಲ್ಲಾ ತೋರಿಸ್ತಾರ.

ನಿಮ್ಮ ಮನಿಯಾಗ, ಅಂಗಡಿಯಾಗ ಯಾವ ಮಷೀನ್ ಐತಿ? ಪ್ರೊಸೆಸರ್, ರ‍್ಯಾಮ್, ಅದರ ಮೇಲೆ ಏನು ಕೆಲಸ ಮಾಡ್ತೀರಿ ಅಂತ ಕಾಮೆಂಟಿನ್ಯಾಗ ಬರೀರಿ. ಗೊತ್ತಿದ್ದಷ್ಟು ಹೇಳ್ತೀನಿ. ಫೋಟೋಗಳನ್ನ ಮಾತ್ರ ಇವತ್ತೇ ಕಾಪಿ ಮಾಡಿಟ್ಕೋರಿ.

#ಗೋಕಾಕ #ಮೂಡಲಗಿ #ಹುಕ್ಕೇರಿ #ಬಿಕಾಂಹುಡುಗಿ #ಹಳೇಕಂಪ್ಯೂಟರ್