ಹೊಡೆದ ಕೈ, ಹೊಡೆಸಿದ ಬಾಯಿ

1975ರ ಡಿಸೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಮರೀನ್ ತರಬೇತಿ ಕೇಂದ್ರದಲ್ಲಿ, ಟೆಕ್ಸಸ್‌ನಿಂದ ಬಂದಿದ್ದ ಲಿನ್ ಮೆಕ್ಲೂರ್ ಎಂಬ 20 ವರ್ಷದ ಹುಡುಗನನ್ನು ಜೊತೆಯ ಹುಡುಗರೇ ದೊಣ್ಣೆಯಿಂದ ಬಡಿದರು. ಎರಡೂ ತುದಿಗೆ ಮೆತ್ತೆ ಸುತ್ತಿದ ದೊಣ್ಣೆ ಅದು. ಬಯೊನೆಟ್ ಕಾಳಗದ ಅಭ್ಯಾಸಕ್ಕೆ ಬಳಸುವಂಥದ್ದು. ಒಬ್ಬನಾದ ಮೇಲೆ ಒಬ್ಬ ಎದುರಿಗೆ ಬಂದ. ಸಾಕು, ಬಿಡಿ ಎಂದು ಅವನು ಗೋಗರೆದನೆಂದು ಆಮೇಲೆ ಸಾಕ್ಷಿಗಳು ಹೇಳಿದರು. ಅವನ ತಲೆಗೆ ಬಲವಾದ ಪೆಟ್ಟು ಬಿದ್ದಿತ್ತು. ಕೋಮಾಕ್ಕೆ ಜಾರಿದವನು 1976ರ ಮಾರ್ಚ್‌ನಲ್ಲಿ ತೀರಿಕೊಂಡ.

ಹೊಡೆದ ಹುಡುಗರು ತಾವಾಗಿ ಮೇಲೆ ಬಿದ್ದವರಲ್ಲ. ಇನ್‌ಸ್ಟ್ರಕ್ಟರ್‌ಗಳು ಹೊಡೆಯಲು ಹೇಳಿದ್ದರು. ಹಿಂದೆ ಬಿದ್ದವರನ್ನು ‘ಹುರುಪುಗೊಳಿಸಲು’ ಎಂದೇ ಒಂದು ಪ್ರತ್ಯೇಕ ಪ್ಲಟೂನ್ ಇತ್ತು, ಮೆಕ್ಲೂರ್‌ನನ್ನು ಅದಕ್ಕೆ ಹಾಕಿದ್ದರು. ಅವನ ಬುದ್ಧಿ ಅಷ್ಟು ಚುರುಕಾಗಿರಲಿಲ್ಲ. ಭರ್ತಿಯ ಸಂಖ್ಯೆ ತುಂಬಿಸಬೇಕಿದ್ದ ಅಧಿಕಾರಿಗಳ ನೆರವಿನಿಂದ ಪರೀಕ್ಷೆ ದಾಟಿ ಸೈನ್ಯ ಸೇರಿದ್ದ. ಆ ದಿನದ ಹೊಣೆ ಹೊತ್ತ ಸಾರ್ಜೆಂಟ್ ಸೇನಾ ನ್ಯಾಯಾಲಯದಲ್ಲಿ ಖುಲಾಸೆಯಾದ. ಅಮೆರಿಕದ ಸಂಸತ್ತು ವಿಚಾರಣೆ ನಡೆಸಿತು. ಮರೀನ್ ಪಡೆಯ ಮುಖ್ಯಸ್ಥ ಜನರಲ್ ಲೂಯಿಸ್ ವಿಲ್ಸನ್ ಅಂಥ ಪ್ಲಟೂನ್‌ಗಳನ್ನು ಮುಚ್ಚಿಸಿದರು, ತರಬೇತಿಯ ಮೇಲೆ ಕಣ್ಣಿಡಲು ಹೆಚ್ಚಿನ ಅಧಿಕಾರಿಗಳನ್ನು ನೇಮಿಸಿದರು. ಅವು ಒಳ್ಳೆಯ ಕ್ರಮಗಳೇ. ಆದರೆ ಅವಕ್ಕೂ ಮೊದಲು ಒಂದು ಜೀವ ಹೋಗಬೇಕಾಯಿತು.

ಬ್ಯಾರಕ್ಕಿನಲ್ಲಿ ಗೆಳೆಯನೇ ಗೆಳೆಯನನ್ನು ಹೊಡೆದ ಸುದ್ದಿ ಬಂದಾಗಲೆಲ್ಲ ನಾವು ಹುಡುಗರ ಒರಟುತನವನ್ನು ಬೈದು ಸುಮ್ಮನಾಗುತ್ತೇವೆ. ನನ್ನ ಆಕ್ಷೇಪ ಇರುವುದೇ ಇಲ್ಲಿ. ಆ ಏಟು ಬಹಳ ಸಲ ಮೇಲಿನಿಂದ ಇಳಿದು ಬಂದಿರುತ್ತದೆ. ಅದನ್ನು ಇಳಿಸುವ ಉಪಾಯವೂ ಹಳೆಯದು, ಸುಲಭದ್ದು. ಒಬ್ಬ ತಪ್ಪು ಮಾಡಿದರೆ ಎಲ್ಲರಿಗೂ ಶಿಕ್ಷೆ. ಒಬ್ಬ ಹುಡುಗ ಹೋಮ್‌ವರ್ಕ್ ತಾರದಿದ್ದರೆ ಇಡೀ ಕ್ಲಾಸಿಗೆ ಬಸ್ಕಿ ಹೊಡೆಸುವ ಮೇಷ್ಟ್ರನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಬೆಲ್ ಹೊಡೆದ ಮೇಲೆ ಆ ಹುಡುಗನಿಗೆ ಏನಾಗುತ್ತದೆಂದು ಮೇಷ್ಟ್ರಿಗೂ ಗೊತ್ತಿರುತ್ತದೆ. ಶಾಲೆಯ ಹುಡುಗ ಸಂಜೆ ಮನೆಗೆ ಹೋಗಿ ಅಮ್ಮನ ಬಳಿ ಅಳಬಹುದು. ರಿಕ್ರೂಟ್‌ಗೆ ಆ ಮನೆ ಇಲ್ಲ. ತನ್ನಿಂದಾಗಿ ಪುಶ್‌ಅಪ್ ತೆಗೆದು ಕೈ ಸೋತವರ ನಡುವೆಯೇ ಅವನು ರಾತ್ರಿ ಮಲಗಬೇಕು. 1987ರ ‘ಫುಲ್ ಮೆಟಲ್ ಜಾಕೆಟ್’ ಸಿನಿಮಾದಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ತೋರಿಸಿದ್ದು ಇದನ್ನೇ. ಟವೆಲಿನಲ್ಲಿ ಸೋಪು ಸುತ್ತಿ ಬಡಿಯುವ ಆ ದೃಶ್ಯದಲ್ಲಿ ಇನ್‌ಸ್ಟ್ರಕ್ಟರ್ ಇಲ್ಲವೇ ಇಲ್ಲ. ಅವನ ಕೆಲಸ ಹಗಲಿನಲ್ಲೇ ಮುಗಿದಿತ್ತು.

ಗುಂಪಿಗೆ ಶಿಕ್ಷೆ ಕೊಡುವವರೆಲ್ಲ ಕ್ರೂರಿಗಳೆಂದು ನಾನು ಹೇಳಲಾರೆ. 1956ರ ಏಪ್ರಿಲ್ 8ರ ಭಾನುವಾರ ರಾತ್ರಿ, ದಕ್ಷಿಣ ಕ್ಯಾರೊಲಿನಾದ ಪ್ಯಾರಿಸ್ ಐಲ್ಯಾಂಡ್ ತರಬೇತಿ ಕೇಂದ್ರದಲ್ಲಿ, ಮ್ಯಾಥ್ಯೂ ಮೆಕಿಯಾನ್ ಎಂಬ ಸಾರ್ಜೆಂಟ್ ತನ್ನ ಪ್ಲಟೂನಿನ ಶಿಸ್ತು ಸಡಿಲಾಗಿದೆಯೆಂದು ಹುಡುಗರನ್ನು ರಿಬ್ಬನ್ ಕ್ರೀಕ್ ಎಂಬ ಜೌಗಿನ ಹಳ್ಳಕ್ಕೆ ನಡೆಸಿಕೊಂಡು ಹೋದ. ತಾನೇ ಮುಂದೆ ನಡೆದಿದ್ದ. ಸಮುದ್ರದ ಉಬ್ಬರವಿಳಿತಕ್ಕೆ ಏರಿಳಿಯುವ ನೀರು, ಕಾಲಡಿ ಕೆಸರು. ಕತ್ತಲಲ್ಲಿ ಆರು ಜನ ಮುಳುಗಿ ಸತ್ತರು. ಮೆಕಿಯಾನ್‌ಗೆ ಕೊನೆಗೆ ಉಳಿದದ್ದು ಮೂರು ತಿಂಗಳ ಸಜೆ ಮತ್ತು ಸಾಮಾನ್ಯ ಸಿಪಾಯಿಯ ದರ್ಜೆ. ಕೊಲ್ಲುವ ಉದ್ದೇಶ ಅವನಿಗಿರಲಿಲ್ಲ, ಅದನ್ನು ನಂಬುತ್ತೇನೆ. ಆದರೆ ಪ್ಲಟೂನಿನಲ್ಲಿ ಯಾರು ಯಾವ ತಪ್ಪು ಮಾಡಿದ್ದಾರೆ, ಯಾರಿಗೆ ಈಜು ಬರುವುದಿಲ್ಲ ಎಂದು ಎಣಿಸುವ ಗೋಜು ಗುಂಪಿನ ಶಿಕ್ಷೆಗೆ ಇರುವುದಿಲ್ಲ. ನೀರಿಗಿಳಿದಾಗ ತಪ್ಪಿತಸ್ಥನೂ ನಿರಪರಾಧಿಯೂ ಒಂದೇ ಸಾಲಿನಲ್ಲಿದ್ದರು.

ತರಬೇತಿಯಲ್ಲಿ ಕಲಿತದ್ದು ತರಬೇತಿ ಕೇಂದ್ರದಲ್ಲೇ ಉಳಿಯುವುದೂ ಇಲ್ಲ. 2011ರ ಏಪ್ರಿಲ್‌ನಲ್ಲಿ ಅಫ್ಘಾನಿಸ್ತಾನದ ಹೆಲ್ಮಂಡ್‌ನಲ್ಲಿ ಹ್ಯಾರಿ ಲ್ಯೂ ಎಂಬ 21 ವರ್ಷದ ಮರೀನ್ ಕಾವಲಿನಲ್ಲಿ ನಿದ್ದೆ ಹೋಗಿದ್ದ. ಅದು ಮೊದಲ ಸಲವೂ ಆಗಿರಲಿಲ್ಲ. ಯುದ್ಧಭೂಮಿಯಲ್ಲಿ ಅದು ಸಣ್ಣ ತಪ್ಪಲ್ಲ, ಒಬ್ಬ ಕಣ್ಣು ಮುಚ್ಚಿದರೆ ಉಳಿದವರ ಜೀವಕ್ಕೆ ಸಂಚಕಾರ. ಅವನಿಗೆ ಏನಾಗಿದೆಯೆಂದು ವೈದ್ಯರಿಂದ ನೋಡಿಸಬಹುದಿತ್ತು, ಕಾವಲಿನಿಂದ ತೆಗೆಯಬಹುದಿತ್ತು, ನಿಯಮದ ಪ್ರಕಾರ ವಿಚಾರಣೆ ಮಾಡಬಹುದಿತ್ತು. ಸಾರ್ಜೆಂಟ್ ಹೇಳಿದ್ದು, ಜೊತೆಗಾರರನ್ನು ಜೊತೆಗಾರರೇ ತಿದ್ದಲಿ ಎಂದು. ಜೊತೆಗಾರರು ಗುಂಡು ತಡೆಯುವ ಕವಚ ತೊಡಿಸಿಯೇ ಗುಂಡಿ ತೋಡಿಸಿದರು, ಒದ್ದರು, ಮುಖಕ್ಕೆ ಮರಳು ಸುರಿದರು. ಬೆಳಗಾಗುವ ಮೊದಲು ಅವನು ಆತ್ಮಹತ್ಯೆ ಮಾಡಿಕೊಂಡ. ಮೂವರ ಮೇಲೆ ಮೊಕದ್ದಮೆ ನಡೆಯಿತು. ತಪ್ಪೊಪ್ಪಿಕೊಂಡ ಕೆಳದರ್ಜೆಯ ಸಿಪಾಯಿಗೆ 30 ದಿನದ ಸಜೆಯಾಯಿತು. ಸಾರ್ಜೆಂಟ್ ಸೇರಿ ಉಳಿದಿಬ್ಬರು ಖುಲಾಸೆಯಾದರು. ಮೆಕ್ಲೂರ್ ಪ್ರಕರಣ ಮುಗಿದು 35 ವರ್ಷವಾಗಿದ್ದರೂ ತಕ್ಕಡಿ ಅದೇ ಕಡೆಗೆ ವಾಲಿತ್ತು.

ಒಟ್ಟಿಗೆ ನೋವು ತಿಂದವರು ಒಟ್ಟಾಗುತ್ತಾರೆ ಎನ್ನುವವರಿದ್ದಾರೆ. ಅವರು ನೆಚ್ಚುವ ಪ್ರಯೋಗವೊಂದಿದೆ. ಎಲಿಯಟ್ ಆರನ್‌ಸನ್ ಮತ್ತು ಜಡ್ಸನ್ ಮಿಲ್ಸ್ 1959ರಲ್ಲಿ ಪ್ರಕಟಿಸಿದ್ದು. ಗುಂಪೊಂದನ್ನು ಸೇರಲು ಹೆಚ್ಚು ಮುಜುಗರ ಅನುಭವಿಸಿದವರು ಆ ಗುಂಪನ್ನು ಹೆಚ್ಚು ಮೆಚ್ಚಿದರು. ಅದರಲ್ಲಿ ಪಾಲ್ಗೊಂಡವರು ಕಾಲೇಜು ಹುಡುಗಿಯರು, ಅವರಿಗೆ ಆಗಿದ್ದು ಕೆಲವು ನಿಮಿಷದ ನಾಚಿಕೆ, ಸೇರಿದ್ದು ಒಂದು ನೀರಸ ಚರ್ಚಾಕೂಟ. ಅಷ್ಟು ಕಷ್ಟಪಟ್ಟು ಸೇರಿದ್ದೇವೆಂಬ ಕಾರಣಕ್ಕೆ ಅದರ ನೀರಸತನ ಅವರ ಕಣ್ಣಿಗೆ ಬೀಳಲಿಲ್ಲ. ಗುಂಡಿನ ಎದುರು ಪಕ್ಕದವನು ನಿನ್ನನ್ನು ಎಳೆದುಕೊಂಡು ಬರುತ್ತಾನೆ ಎಂಬ ಭರವಸೆ ಇದರಿಂದ ಹೇಗೆ ಹುಟ್ಟೀತು? ನಿನ್ನೆ ರಾತ್ರಿ ಟವೆಲಿನಲ್ಲಿ ಸೋಪು ಸುತ್ತಿ ಬಡಿದವನನ್ನು ನಂಬಿ ಯಾರು ಬೆನ್ನು ತಿರುಗಿಸುತ್ತಾರೆ?

ಕಠಿಣ ತರಬೇತಿ ಬೇಕು. ಬೆನ್ನ ಮೇಲೆ ಹೊರೆ, ನಿದ್ದೆಗೇಡು, ಮಳೆಯಲ್ಲಿ ಮೈಲುಗಟ್ಟಲೆ ನಡಿಗೆ ಎಲ್ಲವೂ ಬೇಕು. ಹಿಂದೆ ಬಿದ್ದವನ ಹೊರೆಯನ್ನು ಇನ್ನೊಬ್ಬ ಹೊರುವಂತೆ ಮಾಡಿದರೆ ಅಲ್ಲಿ ಒಗ್ಗಟ್ಟು ಹುಟ್ಟುತ್ತದೆ. ಹಿಂದೆ ಬಿದ್ದವನನ್ನೇ ಹೊರೆಯೆಂದು ತೋರಿಸಿದರೆ ಬೇಟೆ ಶುರುವಾಗುತ್ತದೆ. ಪ್ಯಾರಿಸ್ ಐಲ್ಯಾಂಡ್‌ನಲ್ಲೇ 2016ರಲ್ಲಿ ರಹೀಲ್ ಸಿದ್ದಿಕಿ ಎಂಬ 20 ವರ್ಷದ ರಿಕ್ರೂಟ್ ಮೂರನೇ ಮಹಡಿಯಿಂದ ಬಿದ್ದು ಸತ್ತ ಮೇಲೆ ತನಿಖೆ ನಡೆಯಿತು. ಒಬ್ಬರ ಕತ್ತನ್ನು ಇನ್ನೊಬ್ಬರು ಹಿಸುಕುವಂತೆ ಇನ್‌ಸ್ಟ್ರಕ್ಟರ್ ರಿಕ್ರೂಟ್‌ಗಳಿಗೆ ಆಜ್ಞೆ ಮಾಡುತ್ತಿದ್ದುದು ಸಾಬೀತಾಯಿತು. ಇಲ್ಲಿ ಮಾತ್ರ ಆಜ್ಞೆ ಕೊಟ್ಟವನಿಗೇ, 2017ರಲ್ಲಿ, 10 ವರ್ಷದ ಸಜೆಯಾಯಿತು. ಆ ತೀರ್ಪಿನ ದಿಕ್ಕು ಸರಿಯಾಗಿದೆ.

1949ರ ಜಿನೀವಾ ಒಪ್ಪಂದ ಯುದ್ಧಕೈದಿಗಳ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಒಬ್ಬ ಕೈದಿಯ ತಪ್ಪಿಗೆ ಉಳಿದವರನ್ನು ದಂಡಿಸುವಂತಿಲ್ಲ, ಮೈಮೇಲೆ ಕೈಮಾಡುವಂತಿಲ್ಲ. ಶತ್ರುದೇಶದ ಸೆರೆಯಾಳಿಗೆ ಸಿಗುವ ಈ ನ್ಯಾಯ ಸ್ವಂತ ದೇಶಕ್ಕಾಗಿ ಬಂದ 18ರ ಹುಡುಗನಿಗೂ ಸಿಗಬೇಕು. ತರಬೇತಿಯ ನಿಯಮಪುಸ್ತಕದಲ್ಲಿ ಗುಂಪುಶಿಕ್ಷೆಯ ನಿಷೇಧವನ್ನು ಹೀಗೆಯೇ, ಇಷ್ಟೇ ನೇರವಾಗಿ ಬರೆಯಬೇಕು.

ಇದನ್ನು ಬರೆಯುವಾಗ ನನ್ನ ಮನಸ್ಸಿನಲ್ಲಿ ನಮ್ಮ ಹುಡುಗರೂ ಇದ್ದಾರೆ. ಬೆಳಗಾವಿಯ ಮರಾಠಾ ರೆಜಿಮೆಂಟ್ ಕೇಂದ್ರಕ್ಕೆ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಹುಡುಗರು ಟ್ರಂಕ್ ಹಿಡಿದು ಹೋಗುತ್ತಾರೆ. 2022ರ ಅಗ್ನಿಪಥ ಯೋಜನೆಯಲ್ಲಿ ಹದಿನೇಳೂವರೆ ವರ್ಷಕ್ಕೇ ಸೇರಬಹುದು. ನಾಲ್ಕು ವರ್ಷದ ಕೊನೆಗೆ ಹೆಚ್ಚೆಂದರೆ ನೂರಕ್ಕೆ 25 ಜನರಿಗೆ ಮಾತ್ರ ಸೈನ್ಯದಲ್ಲಿ ಮುಂದುವರಿಯುವ ಅವಕಾಶ. ಹಾಗಿರುವಾಗ ತನ್ನ ಉಳಿವನ್ನು ತೀರ್ಮಾನಿಸುವವರ ಮೇಲೆಯೇ ದೂರು ಕೊಡಲು ಯಾವ ಹುಡುಗನಿಗೆ ಧೈರ್ಯ ಬಂದೀತು? ಅಂಥ ದೂರು ಅವನ ರೆಜಿಮೆಂಟಿನ ಅಧಿಕಾರಿಗಳ ಕೈ ದಾಟಿ, ಹೊರಗಿನವರೊಬ್ಬರ ಮೇಜಿಗೆ ನೇರವಾಗಿ ತಲುಪುವ ದಾರಿ ಇರಬೇಕು. ಭರ್ತಿಯ ದಿನವೇ ಆ ದಾರಿಯನ್ನು ಹುಡುಗನಿಗೂ ಅವನ ಅಪ್ಪ ಅಮ್ಮನಿಗೂ ಕನ್ನಡದಲ್ಲಿ ಬರೆದು ಕೊಡಬೇಕು.