ನೋಡದವನಿಗೆ 'ವೀಕ್ಷಕ' ಅಂತ ಹೆಸರು ಯಾಕೆ?

ಕಂಪ್ಯೂಟರ್ ವಿಷಯಗಳನ್ನು ಕನ್ನಡದಲ್ಲಿ ಬರೆಯುವ ಗೆಳೆಯರ ಹತ್ತಿರ ನನ್ನದೊಂದು ತಕರಾರಿದೆ. ಅಬ್ಸರ್ವರ್ ಪ್ಯಾಟರ್ನ್‌ಗೆ ದಯವಿಟ್ಟು 'ವೀಕ್ಷಕ ವಿನ್ಯಾಸ' ಅನ್ನಬೇಡಿ. ಸಂಸ್ಕೃತ ಪದ ಅಂತ ನನ್ನ ಜಗಳ ಅಲ್ಲ. ಅದು ಸುಳ್ಳು ಹೇಳುತ್ತೆ, ಅದಕ್ಕೆ.

ವಿಷಯ ಇಷ್ಟೇ. ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಒಂದಷ್ಟು ಅಂಕಿಗಳು. ಅವನ್ನೇ ತೋರಿಸುವ ಒಂದು ಬಾರ್ ಚಾರ್ಟ್, ಒಂದು ಪೈ ಚಾರ್ಟ್. ಅಂಕಿ ಬದಲಾದರೆ ಎರಡೂ ಬದಲಾಗಬೇಕು. ಚಾರ್ಟುಗಳು ಕ್ಷಣಕ್ಕೊಮ್ಮೆ "ಏನಾದ್ರೂ ಬದಲಾಯ್ತಾ?" ಅಂತ ಇಣುಕುತ್ತಾ ಕೂತರೆ ದಂಡದ ಕೆಲಸ. ಅದಕ್ಕೇ ಅವು ಒಮ್ಮೆ ಹೆಸರು ಬರೆಸಿ ಸುಮ್ಮನಿರುತ್ತವೆ. ಅಂಕಿ ಇಟ್ಟುಕೊಂಡ ಆಬ್ಜೆಕ್ಟ್ (ಇದಕ್ಕೆ 'ಸಬ್ಜೆಕ್ಟ್' ಅನ್ನುತ್ತಾರೆ) ಬದಲಾವಣೆ ಆದಾಗಲೆಲ್ಲ ಆ ಪಟ್ಟಿ ಹಿಡಿದು ಒಬ್ಬೊಬ್ಬರಿಗೇ ಸುದ್ದಿ ಮುಟ್ಟಿಸುತ್ತದೆ.

ಈಗ ಹೇಳಿ ಸ್ವಾಮಿ, ಇಲ್ಲಿ ವೀಕ್ಷಿಸಿದ್ದು ಯಾರು? ಯಾರೂ ಇಲ್ಲ!

ಹೆಸರು ಏನಾದ್ರೆ ಏನು ಅಂತೀರಾ? ನೋಡುವವನು ಎದ್ದು ಹೋದರೆ ಆಟ ಮುಗಿಯಿತು ಅಂತ ಹೊಸಬರು ನಂಬುತ್ತಾರೆ. ಆದರೆ ಪಟ್ಟಿ ಇರೋದು ಸಬ್ಜೆಕ್ಟ್ ಕೈಯಲ್ಲಿ. ಚಾರ್ಟಿನ ವಿಂಡೋ ಮುಚ್ಚಿದರೂ ಪಟ್ಟಿಯಿಂದ ಹೆಸರು ತೆಗೆಸದಿದ್ದರೆ ಅದಕ್ಕೆ ಸುದ್ದಿ ಹೋಗುತ್ತಲೇ ಇರುತ್ತದೆ. ಸಬ್ಜೆಕ್ಟ್ ಬದುಕಿರುವ ತನಕ ಜಾವಾದ ಗಾರ್ಬೇಜ್ ಕಲೆಕ್ಟರ್ ಕೂಡ ಆ ಚಾರ್ಟನ್ನು ಗುಡಿಸಿ ಹಾಕೋದಿಲ್ಲ, ಪಟ್ಟಿಯಲ್ಲಿ ಅದರ ರೆಫರೆನ್ಸ್ ಇದೆಯಲ್ಲ! ಹೀಗೇ ಮೆಮೊರಿ ತುಂಬುತ್ತಾ ಹೋಗುತ್ತದೆ. ಈ ರೋಗಕ್ಕೆ 'ಲ್ಯಾಪ್ಸ್ಡ್ ಲಿಸನರ್' ಅಂತ ಹೆಸರೇ ಇದೆ.

"ಜಗತ್ತೇ ಅಬ್ಸರ್ವರ್ ಅನ್ನುವಾಗ ನಿನ್ನದೇನಪ್ಪಾ?" ಅನ್ನಬಹುದು. ಗಾಮಾ, ಹೆಲ್ಮ್, ಜಾನ್ಸನ್, ವ್ಲಿಸಿಡಿಸ್ ಸೇರಿ ಬರೆದು 1994ರಲ್ಲಿ ಬಂದ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕದಲ್ಲೇ ಇದಕ್ಕೆ 'ಪಬ್ಲಿಷ್-ಸಬ್‌ಸ್ಕ್ರೈಬ್' ಅನ್ನುವ ಇನ್ನೊಂದು ಹೆಸರಿದೆ. ನಮ್ಮಲ್ಲಿ 'ಚಂದಾದಾರ' ಅನ್ನುವ ಚೆಂದದ ಪದವಿದೆ. ಆ ಪದ ಕೇಳಿದ ಕೂಡಲೇ ಯಾರಿಗಾದರೂ ಹೊಳೆಯುತ್ತೆ: ಪಟ್ಟಿ ಪತ್ರಿಕೆಯವರ ಹತ್ತಿರ ಇದೆ, ಊರು ಬಿಡುವಾಗ ಚಂದಾ ನಿಲ್ಲಿಸಬೇಕು, ಇಲ್ಲದಿದ್ದರೆ ಪತ್ರಿಕೆ ಹಳೇ ಮನೆ ಬಾಗಿಲಿಗೆ ಬಂದು ಬೀಳುತ್ತಲೇ ಇರುತ್ತೆ. ಹೆಸರು ಬರೆಸುವ ಪಾಠ, ತೆಗೆಸುವ ಪಾಠ ಎರಡೂ ಒಂದೇ ಪದದಲ್ಲಿ ಬಂತು ನೋಡಿ.

ಈಗ ಪಬ್-ಸಬ್ ಅಂದರೆ ನಡುವೆ ಬ್ರೋಕರ್ ಇರುವ ಬೇರೆ ವ್ಯವಸ್ಥೆ ಅಂತ ವಾದಿಸುವವರೂ ಇದ್ದಾರೆ. ಇರಲಿ. ನಡುವೆ ಏಜೆಂಟ್ ಬಂದ ಮಾತ್ರಕ್ಕೆ ಚಂದಾದಾರ ವೀಕ್ಷಕನಾಗೋಲ್ಲ :)

ಇಂಗ್ಲಿಷಿನವರು ಎಡವಿದ ಕಲ್ಲನ್ನು ನಾವೂ ಹುಡುಕಿಕೊಂಡು ಹೋಗಿ ಎಡವಬೇಕಾ? ಇನ್ನೂ ಒಳ್ಳೆಯ ಪದ ನಿಮ್ಮ ಹತ್ತಿರ ಇದ್ದರೆ ಹೇಳಿ, ಅದನ್ನೇ ಬಳಸೋಣ. 'ವೀಕ್ಷಕ' ಮಾತ್ರ ಬೇಡ. ಏನಂತೀರಿ?